ಬ್ಲಾಕ್ ಮೇಲಿನ ನಂಬರು: ನಮ್ಮೂರ ಜೀಪಿನ ಜಾತಕ

ಪುತ್ತೂರು, ಕಡಬ, ಸುಬ್ರಹ್ಮಣ್ಯ, ಸುಳ್ಯ ಅಂತ ಒಂದು ಸುತ್ತು ಹೊಡೆದರೆ ಹಳೇ ಜೀಪು ಕಾಣದೆ ವಾಪಸ್ ಬರೋಕೆ ಸಾಧ್ಯವೇ ಇಲ್ಲ. ಬಸ್ಸು ಹೋಗದ ಗುಡ್ಡದ ಮನೆಗಳಿಗೆ ಅಡಿಕೆ ಗೋಣಿ, ರೋಗಿಗಳು, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತದ್ದು ಅದೇ. ಈಗ ಅಂಥ ಜೀಪಿಗೆ ಒಳ್ಳೆ ರೇಟು. ಮಾರುವವರು ಹೇಳೋದು ಒಂದೇ ಮಾತು: "ಇದು ಮಿಲಿಟರಿ ಜೀಪು ಮಾರಾಯ್ರೆ, ಯುದ್ಧದ್ದು!"

ಹೌದೋ ಅಲ್ಲವೋ ಅಂತ ಬಾಡಿ ನೋಡಿ ಹೇಳೋಕಾಗಲ್ಲ. ನಮ್ಮ ಮಳೆಗೆ ತಗಡು ಉಳಿಯೋದಿಲ್ಲ, ವೆಲ್ಡಿಂಗ್ ಮಾಡಿ ಮಾಡಿ ಅರ್ಧ ಬಾಡಿ ಹೊಸತೇ ಆಗಿರುತ್ತದೆ. ಉಳಿಯೋದು ಎರಕದ ಕಬ್ಬಿಣ, ಅಂದ್ರೆ ಎಂಜಿನ್ ಬ್ಲಾಕ್. ಹಾಗಾಗಿ ನಾನು ಮೊದಲು ಬಾನೆಟ್ ಎತ್ತಿ ಅಂತೇನೆ.

ಬ್ಲಾಕ್ ಮೇಲೆ ಎರಡು ಥರದ ನಂಬರು ಇರುತ್ತದೆ. ಒಂದು ಉಬ್ಬಿಕೊಂಡಿರುತ್ತದೆ. ಎರಕ ಹೊಯ್ಯುವಾಗ ಅಚ್ಚಿನಿಂದಲೇ ಬಂದದ್ದು, ಒಂದೇ ಮಾದರಿಯ ಸಾವಿರಾರು ಬ್ಲಾಕಿಗೆ ಅದೇ ಅಂಕೆ. ಇನ್ನೊಂದು ಒಳಕ್ಕೆ ಇಳಿದಿರುತ್ತದೆ, ಪಂಚ್ ಹಿಡಿದು ಸುತ್ತಿಗೆಯಲ್ಲಿ ಹೊಡೆದದ್ದು. ಅದು ಆ ಒಂದು ಎಂಜಿನ್ನಿನದ್ದು ಮಾತ್ರ, ಆರ್‌ಸಿಯಲ್ಲಿ ಬರೋದೂ ಅದೇ.

ಯುದ್ಧಕಾಲದ ವಿಲ್ಲೀಸ್ ಜೀಪಿನಲ್ಲಿ ಈ ಪಂಚ್ ನಂಬರು ಬಲಬದಿಯಲ್ಲಿ, ಆಯಿಲ್ ಫಿಲ್ಟರ್ ಹಿಂದೆ ಇರುತ್ತದೆ, ಶುರುವಿಗೆ 'ಎಂಬಿ'. ಅದೇ ಜೀಪನ್ನು ಫೋರ್ಡ್ ಕೂಡ ಮಾಡಿತ್ತು, ಅದಕ್ಕೆ 'ಜಿಪಿಡಬ್ಲ್ಯು'. ಎರಡು ಕಂಪನಿ ಸೇರಿ ಆರು ಲಕ್ಷಕ್ಕೂ ಹೆಚ್ಚು ಮಾಡಿದವು. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಜೀಪುಗಳು ಭಾರತದಲ್ಲೂ ಮಾರಾಟವಾದವು. ಫೋರ್ಡ್‌ನಲ್ಲಿ ಎಂಜಿನ್ ನಂಬರೂ ಚಾಸಿ ನಂಬರೂ ಕಾರ್ಖಾನೆಯಲ್ಲಿ ಒಂದೇ ಇರುತ್ತಿತ್ತು. ವಿಲ್ಲೀಸ್‌ನಲ್ಲಿ ಬೇರೆಬೇರೆ. ಆದ್ದರಿಂದ ವಿಲ್ಲೀಸ್‌ನಲ್ಲಿ ತಾಳೆ ಆಗಲಿಲ್ಲ ಅಂತ ಗಾಬರಿ ಬೇಡ.

ಉಬ್ಬಿದ ನಂಬರು 638632 ಇದ್ದರೆ ಟೈಮಿಂಗ್ ಚೈನ್ ಇರುವ ಹಳೇ ಬ್ಲಾಕು. 641087 ಇದ್ದರೆ ಚೈನ್ ಬದಲು ಗಿಯರ್, ಅಂದ್ರೆ ಯುದ್ಧ ಮುಗಿದ ಮೇಲಿನದ್ದು. ಅಲ್ಲಿಗೆ ಮಿಲಿಟರಿ ಕಥೆ ಅರ್ಧ ಮುಗೀತು!

ನನಗೆ ತುಂಬ ಇಷ್ಟವಾದ ಗುರುತು ಇನ್ನೊಂದಿದೆ. ಕೆಲವು ವಿಲ್ಲೀಸ್ ಎಂಜಿನ್ ನಂಬರಿನ ಕೊನೆಗೆ ಒಂದು ಅಕ್ಷರ ಇರುತ್ತದೆ. 'ಎ' ಇದ್ದರೆ ಕ್ರ್ಯಾಂಕ್‌ನ ಬೇರಿಂಗ್ 0.010 ಇಂಚು ಅಂಡರ್‌ಸೈಜ್, 'ಬಿ' ಇದ್ದರೆ ಪಿಸ್ಟನ್ ಅಷ್ಟೇ ಓವರ್‌ಸೈಜ್. ಎರಕದಲ್ಲೋ ಕೊರೆಯುವಾಗಲೋ ಕೂದಲೆಳೆ ಹೆಚ್ಚುಕಡಿಮೆಯಾದರೆ ಬ್ಲಾಕ್ ಬಿಸಾಡದೆ, ಸರಿಮಾಡಿ ಗುರುತು ಹಾಕಿ ಕಳಿಸುತ್ತಿದ್ದರು. ಮುಂದೆಂದೋ ಬಿಚ್ಚುವ ಮೆಕ್ಯಾನಿಕ್‌ಗೆ ಬರೆದಿಟ್ಟ ಚೀಟಿ ಅದು.

ನಂಬರು ಸವೆದಿದ್ದರೆ ಎಂಜಿನ್‌ನ ತಲೆ ನೋಡಿ. ಹೆಡ್ ಚಪ್ಪಟೆಯಾಗಿ, ಸ್ಪಾರ್ಕ್ ಪ್ಲಗ್ ನೆಟ್ಟಗೆ ಮೇಲೆ ನಿಂತಿದ್ದರೆ 60 ಹಾರ್ಸ್‌ಪವರಿನ ಹಳೇ ಎಂಜಿನ್. ಮೇಲೆ ವಾಲ್ವ್ ಕವರ್ ಇದ್ದರೆ ಅದು ಹರಿಕೇನ್. ಈ ಎಂಜಿನ್ ಎತ್ತರ ಅಂತಲೇ ಸಿಜೆ-3ಬಿ ಜೀಪಿನ ಬಾನೆಟ್ಟು ಎತ್ತರ ಆದದ್ದು. ಮಹೀಂದ್ರದವರು ನಮ್ಮ ದೇಶದಲ್ಲಿ ವರ್ಷಗಟ್ಟಲೆ ಮಾಡಿದ್ದು ಆ ಮಾದರಿಯನ್ನೇ. ನಮ್ಮ ಕಡೆ 'ಮಿಲಿಟರಿ' ಅನ್ನಿಸಿಕೊಳ್ಳುವ ಎಷ್ಟೋ ಜೀಪು ಇದೇ ಅಂತ ನನ್ನ ಲೆಕ್ಕ. ಅದರಲ್ಲಿ ಅವಮಾನ ಏನೂ ಇಲ್ಲ ಬಿಡಿ.

ಸರಿ, ಇಷ್ಟೆಲ್ಲ ಯಾಕೆ ಬೇಕು? 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂತು. 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಪ್ಲೇಟಿನಲ್ಲಿ 'ವಿಎ' ಅಕ್ಷರ. ಆದರೆ ಪೆಟ್ರೋಲು ಕುಡಿಯುತ್ತದೆ ಅಂತ ಡೀಸೆಲ್ ಎಂಜಿನ್ ಕೂರಿಸಿದ ಜೀಪುಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಳೇ ಬ್ಲಾಕು ಗುಜರಿಗೆ ಹೋಗಿದ್ದರೆ ಆ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ. ಮತ್ತೆ, ವಿಂಟೇಜ್ ಮಾಡಿಸಿದ ಜೀಪಿನಲ್ಲಿ ದಿನಾ ಓಡಾಡುವ ಹಾಗಿಲ್ಲ, ಬಾಡಿಗೆಗಂತೂ ಇಲ್ಲವೇ ಇಲ್ಲ; ಪ್ರದರ್ಶನ, ರ್‍ಯಾಲಿ, ರಿಪೇರಿ ಇಂಥದ್ದಕ್ಕೆ ಮಾತ್ರ. ತೋಟದ ಕೆಲಸಕ್ಕೆ ಬೇಕು ಅನ್ನುವವರು ಎರಡು ಸಲ ಯೋಚಿಸಿ.

ಮನೆಯ ಶೆಡ್ಡಿನಲ್ಲಿ ಅಜ್ಜನ ಜೀಪು ನಿಂತಿದೆಯಾ? ಸೀಮೆಎಣ್ಣೆ ಬಟ್ಟೆಯಲ್ಲಿ ಜಿಡ್ಡು ಒರೆಸಿ. ಗ್ರೈಂಡರ್ ಮಾತ್ರ ಮುಟ್ಟಿಸಬೇಡಿ. ಉಜ್ಜಿದ ಗೆರೆ ಕಂಡರೆ ನಂಬರು ತಿದ್ದಿದ್ದಾರೆ ಅಂತಲೇ ಅನುಮಾನ ಬರೋದು. ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲಿನಲ್ಲಿ ಉಜ್ಜಿ, ಅಂಕೆ ಎದ್ದು ಬರುತ್ತದೆ. ಆ ಕಾಗದವನ್ನು ಆರ್‌ಸಿ ಜೊತೆಗೇ ಇಟ್ಟುಕೊಳ್ಳಿ.