ಸುಣ್ಣದ ಕೊಳವೆಯಿಂದ ಪಟಾನ್‌ಚೆರುವಿನವರೆಗೆ

ನಮ್ಮ ಗದ್ವಾಲ್ ಸೀಮೆಗೆ ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ಜುರಾಲದಲ್ಲಿ ಎಷ್ಟು ಟಿಎಂಸಿ ನೀರಿದೆ ಎಂದು ಇಲ್ಲಿ ಚಹಾದಂಗಡಿಯಲ್ಲೂ ಲೆಕ್ಕ ಹೇಳುತ್ತಾರೆ. ಆದರೆ ನೀರಿನೊಳಗೆ ಏನು ಕರಗಿದೆ ಎಂಬ ಲೆಕ್ಕ? ಅದರ ಚರಿತ್ರೆ ಬೇರೆಯೇ ಇದೆ, ಮತ್ತು ಅದು ನಮ್ಮ ರಾಜ್ಯದ ಒಂದು ಊರಿಗೇ ಬಂದು ಮುಟ್ಟುತ್ತದೆ.

ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ 1903ರಲ್ಲಿ ವಾರ್ಸಾದಲ್ಲಿ ಒಂದು ಉಪನ್ಯಾಸ ಕೊಟ್ಟರು. ಗಾಜಿನ ಕೊಳವೆಯಲ್ಲಿ ಸುಣ್ಣದ ಪುಡಿ ತುಂಬಿ, ಮೇಲಿಂದ ಎಲೆಯ ರಸ ಇಳಿಸಿದರೆ ಹಸಿರು, ಹಳದಿ ಬಣ್ಣಗಳು ಬೇರೆ ಬೇರೆ ಪಟ್ಟೆಗಳಾಗಿ ನಿಲ್ಲುತ್ತಿದ್ದವು. ಪುಡಿಗೆ ಹೆಚ್ಚು ಅಂಟುವುದು ಹಿಂದೆ ಉಳಿಯುತ್ತದೆ, ಕಡಿಮೆ ಅಂಟುವುದು ಮುಂದೆ ಓಡುತ್ತದೆ, ಅಷ್ಟೇ. 1906ರಲ್ಲಿ ಅದಕ್ಕೆ ಕ್ರೊಮಟೋಗ್ರಫಿ ಎಂದು ಹೆಸರಿಟ್ಟರು. (ರಷ್ಯನ್ ಭಾಷೆಯಲ್ಲಿ ಅವರ ಅಡ್ಡಹೆಸರಿಗೂ ಬಣ್ಣ ಎಂದೇ ಅರ್ಥ!) ಬಳಪದ ತುದಿಗೆ ಶಾಯಿ ಹಚ್ಚಿ ನೀರಿನಲ್ಲಿ ನಿಲ್ಲಿಸಿದರೆ ನಮ್ಮ ಮಕ್ಕಳೂ ಇದನ್ನು ಕಾಣಬಹುದು.

ಆಂಟಿಬಯೋಟಿಕ್ ಬಂದಾಗ ಅದನ್ನು ಅಳೆಯುತ್ತಿದ್ದ ರೀತಿ ಬೇರೆ. ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯಲ್ಲಿ ಔಷಧ ಇಟ್ಟು, ಅವು ಬೆಳೆಯದ ಖಾಲಿ ವೃತ್ತ ಎಷ್ಟು ಅಗಲ ಎಂದು ನೋಡುವುದು. ಪೆನಿಸಿಲಿನ್ನನ್ನು ಆಕ್ಸ್‌ಫರ್ಡಿನಲ್ಲಿ ಹೀಗೆಯೇ ಅಳೆದರು. ಆದರೆ ವೃತ್ತ ಒಂದನ್ನಷ್ಟೇ ಹೇಳುತ್ತದೆ: ಬ್ಯಾಕ್ಟೀರಿಯಾ ಸತ್ತಿತು. ಯಾವುದರಿಂದ ಎಂದು ಹೇಳುವುದಿಲ್ಲ. ಇಂಗ್ಲೆಂಡಿನ ಪೆನಿಸಿಲಿನ್ನೂ ಅಮೆರಿಕದ ಪೆನಿಸಿಲಿನ್ನೂ ಒಂದೇ ಅಲ್ಲವೆಂದು ಆಮೇಲೆ ತಿಳಿಯಿತು. 1941ರಲ್ಲಿ ಮಾರ್ಟಿನ್ ಮತ್ತು ಸಿಂಜ್ ಬೇರ್ಪಡಿಸುವ ಹೊಸ ವಿಧಾನ ಕೊಟ್ಟರು, 1952ರಲ್ಲಿ ನೊಬೆಲ್ ಪಡೆದರು. 1960ರ ದಶಕದ ಕೊನೆಗೆ ದ್ರವವನ್ನು ಪಂಪಿನ ಒತ್ತಡದಿಂದ ನುಣುಪು ಪುಡಿಯೊಳಗೆ ನೂಕುವ ಯಂತ್ರ ಬಂತು. ಯಾವ ವಸ್ತು ಯಾವ ನಿಮಿಷಕ್ಕೆ ಹೊರಬರುತ್ತದೆ ಎಂಬುದರಿಂದ ಅದರ ಗುರುತು ಸಿಗುತ್ತದೆ. ಕಾಗದದ ಮೇಲೆ ಏಳುವ ಶಿಖರವನ್ನು ಗೊತ್ತಿರುವ ತೂಕದ ಶಿಖರದೊಡನೆ ಹೋಲಿಸಿದರೆ ಪ್ರಮಾಣ ಸಿಗುತ್ತದೆ.

ಈಗ ಪಟಾನ್‌ಚೆರುವಿಗೆ ಬರೋಣ. ಹೈದರಾಬಾದ್ ದಾಟಿ ಮುಂಬಯಿ ರಸ್ತೆ ಹಿಡಿದರೆ ಸಿಗುವ ಊರು. ಅಲ್ಲಿ ಸುಮಾರು 90 ಔಷಧ ತಯಾರಕರ ಕೊಳೆನೀರು ಒಂದೇ ಶುದ್ಧೀಕರಣ ಘಟಕಕ್ಕೆ ಬರುತ್ತಿತ್ತು. ನೀರು ಕೆಟ್ಟಿದೆ ಎಂದು ಸುತ್ತಲ ಹಳ್ಳಿಯವರು ಹೇಳುತ್ತಲೇ ಇದ್ದರು, 1990ರಲ್ಲೇ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಆದರೆ ಇಷ್ಟು ಔಷಧಗಳ ಕಲಬೆರಕೆಯಲ್ಲಿ ಯಾವುದು ಎಷ್ಟು ಎಂದು ವೃತ್ತ ನೋಡಿ ಹೇಳಲಾಗದು.

ಸ್ವೀಡನ್ನಿನ ಯೋಆಕಿಮ್ ಲಾರ್ಸನ್ ಮತ್ತು ಸಂಗಡಿಗರು ಆ ಘಟಕದಿಂದ ಹೊರಬೀಳುವ ನೀರನ್ನು ದ್ರವ ಕ್ರೊಮಟೋಗ್ರಫಿಗೆ ಒಡ್ಡಿ 2007ರಲ್ಲಿ ಪ್ರಕಟಿಸಿದರು. ಸಿಪ್ರೊಫ್ಲಾಕ್ಸಾಸಿನ್ ಲೀಟರಿಗೆ 31 ಮಿಲಿಗ್ರಾಂವರೆಗೆ! ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ. ಒಂದು ದಿನ ಹೊರಬಿದ್ದದ್ದು ಇಡೀ ಸ್ವೀಡನ್ ಐದು ದಿನ ನುಂಗುವಷ್ಟು. 2009ರ ಇನ್ನೊಂದು ಅಧ್ಯಯನದಲ್ಲಿ ಕೆರೆಗಳಲ್ಲಿ, ಹಳ್ಳಿಗಳ ಬಾವಿಗಳಲ್ಲಿ ಕೂಡ ಔಷಧ ಸಿಕ್ಕಿತು. ಅಂಥ ನೀರಿನಲ್ಲಿ ಬದುಕುಳಿಯುವುದು ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಮಾತ್ರ. ಅವು ಊರಿನ ಗಡಿ ಕೇಳುವುದಿಲ್ಲ.

ಈ ಕೊಳೆ ಆಗ ನಕ್ಕವಾಗು ಹಳ್ಳದ ಮೂಲಕ ಮಂಜೀರೆಗೆ ಸೇರುತ್ತಿತ್ತು. ಬೀದರಿನವರ ಅದೇ ಮಂಜೀರೆ. ಪುಣ್ಯಕ್ಕೆ ಬೀದರ್ ಮೇಲ್ಭಾಗದಲ್ಲಿದೆ. ಕೆಳಗಿನವರಿಗೆ ಆ ಪುಣ್ಯವಿರಲಿಲ್ಲ.

ಹಳ್ಳಿಯವರ ಮೂಗು ಹೇಳಿದ್ದನ್ನೇ ಯಂತ್ರ ಅಂಕಿಯಲ್ಲಿ ಹೇಳಿದ ಮೇಲೆ ಜಗತ್ತು ತಿರುಗಿ ನೋಡಿತು ಎಂಬುದು ನಮಗೆ ಸ್ವಲ್ಪ ಕಹಿಯೇ. ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯಲ್ಲಿ ಕಾರ್ಖಾನೆಯ ಕೊಳೆನೀರಿನಲ್ಲಿ ಆಂಟಿಬಯೋಟಿಕ್‌ಗಳಿಗೆ ಮಿತಿ ಹಾಕುವ ಕರಡು ಹೊರಡಿಸಿತು. 2021ರ ಆಗಸ್ಟಿನಲ್ಲಿ ಬಂದ ಅಂತಿಮ ನಿಯಮದಲ್ಲಿ ಆ ಮಿತಿಗಳು ಇರಲಿಲ್ಲ.