ಮೊದಲ ಬಾರಿಯ ಸೈಕೋಸಿಸ್: ಸ್ಕಿಜೋಫ್ರೇನಿಯಾ ಒಂದೇ ಕಾರಣವಲ್ಲ

ಇಲ್ಲದ ದನಿ ಕೇಳಿಸುವುದು, ಯಾರೋ ಬೆನ್ನು ಹತ್ತಿದ್ದಾರೆಂದು ದೃಢವಾಗಿ ನಂಬುವುದು ಮುಂತಾದ ಲಕ್ಷಣಗಳುಳ್ಳ ಸ್ಥಿತಿಯನ್ನು ವೈದ್ಯರು ಸೈಕೋಸಿಸ್ ಎನ್ನುತ್ತಾರೆ. ಸ್ಕಿಜೋಫ್ರೇನಿಯಾದಲ್ಲಿ ಮಾತ್ರವಲ್ಲ, ತೀವ್ರ ಖಿನ್ನತೆಯಲ್ಲಿ ಹಾಗೂ ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆಯಲ್ಲಿಯೂ ಇದು ತಲೆದೋರಬಲ್ಲದು.

ಇವುಗಳ ಪಾಲು ಸಣ್ಣದೇನಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಫೋಕ್ ಕೌಂಟಿಯಲ್ಲಿ, ಸೈಕೋಸಿಸ್‌ನಿಂದಾಗಿ ಮೊದಲ ಬಾರಿ ಆಸ್ಪತ್ರೆ ಸೇರಿದವರನ್ನು 1989ರಿಂದ 1995ರವರೆಗೆ ಗುರುತಿಸಿ, ಹತ್ತು ವರ್ಷ ಅವರ ಸ್ಥಿತಿಯನ್ನು ಗಮನಿಸಲಾಯಿತು. 2011ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಆರಂಭದಲ್ಲಿ ಸುಮಾರು ಶೇ 21ರಷ್ಟು ಮಂದಿಗೆ ಬೈಪೋಲಾರ್, ಶೇ 17ರಷ್ಟು ಮಂದಿಗೆ ಖಿನ್ನತೆ ಎಂದು ನಿರ್ಣಯಿಸಲಾಗಿತ್ತು. ಸ್ಕಿಜೋಫ್ರೇನಿಯಾ ವರ್ಗದ ಪಾಲು ಸುಮಾರು ಶೇ 30 ಮಾತ್ರ.

ಹತ್ತು ವರ್ಷಗಳ ಬಳಿಕ ಚಿತ್ರ ಬದಲಾಗಿತ್ತು. ಸ್ಕಿಜೋಫ್ರೇನಿಯಾ ವರ್ಗ ಶೇ 50ರ ಹತ್ತಿರ ತಲುಪಿತು. ಬೈಪೋಲಾರ್ ಶೇ 24ಕ್ಕೆ ಏರಿತು, ಖಿನ್ನತೆ ಶೇ 11ಕ್ಕೆ ಇಳಿಯಿತು. ಅರ್ಧದಷ್ಟು ಮಂದಿಯ ರೋಗನಿರ್ಣಯವೇ ಈ ಅವಧಿಯಲ್ಲಿ ಬದಲಾಯಿತು. ಆದರೂ ಭಾವಸ್ಥಿತಿಯ ಈ ಎರಡು ಕಾಯಿಲೆಗಳ ಒಟ್ಟು ಪಾಲು ಮೂರನೇ ಒಂದರಷ್ಟು ಉಳಿಯಿತು. ಇದು ಆಸ್ಪತ್ರೆಗೆ ದಾಖಲಾದವರ ಲೆಕ್ಕ. ಹೊರರೋಗಿಗಳನ್ನೂ ಸೇರಿಸಿದರೆ ಅಂಕಿಗಳು ಬೇರೆಯಾಗಬಹುದು.

ಹೆಸರಿನ ಈ ಗೊಂದಲ ಚಿಕಿತ್ಸೆಗೂ ತಟ್ಟುತ್ತದೆ. ಬೈಪೋಲಾರ್‌ಗೆ ಲಿಥಿಯಂನಂತಹ ಔಷಧಗಳಿವೆ. ಆ ಕಾಯಿಲೆ ಇರುವವರಿಗೆ ಖಿನ್ನತೆಯ ಮಾತ್ರೆಯನ್ನಷ್ಟೇ ನೀಡಿದರೆ ಉನ್ಮಾದ ಕೆರಳುವ ಅಪಾಯವುಂಟು. ಹಿಂದೆಂದಾದರೂ ವಾರಗಟ್ಟಲೆ ನಿದ್ದೆ ಕಡಿಮೆಯಾಗಿ, ಮಾತು, ಖರ್ಚು, ಹುಮ್ಮಸ್ಸು ಮಿತಿ ಮೀರಿತ್ತೇ ಎಂದು ಮನೋವೈದ್ಯರು ಮನೆಯವರನ್ನು ಕೇಳುವುದು ಈ ಕಾರಣಕ್ಕೇ.