ಕಾರ್ಖಾನೆ ಕಡಲು ದಾಟುವುದೇಕೆ

ಕಂಪನಿಗಳು ಹೊರದೇಶದಲ್ಲಿ ಕಾರ್ಖಾನೆ ಹೂಡುವುದೇಕೆ ಎಂದರೆ ಈಗ ಪತ್ರಿಕೆಯಲ್ಲೂ ತರಗತಿಯಲ್ಲೂ ಒಂದೇ ಉತ್ತರ: ಕೂಲಿ ಅಗ್ಗ. ಮೂವತ್ತು ವರ್ಷ ಇದನ್ನೇ ಪಾಠ ಹೇಳಿದ ನನಗೆ ಆ ಉತ್ತರ ಕೇಳಿ ಸುಮ್ಮನಿರಲಾಗದು. ಹೋಂಡಾ 1982ರಲ್ಲಿ ಅಕಾರ್ಡ್ ಕಾರು ಮಾಡತೊಡಗಿದ್ದು ಅಮೆರಿಕದ ಓಹಾಯೋದಲ್ಲಿ. ಅಲ್ಲಿನ ಕೂಲಿ ಜಪಾನಿಗಿಂತ ಅಗ್ಗವಿರಲಿಲ್ಲ. ಆದರೆ ಆಮದಿಗೆ ತಡೆ ಬೀಳುವ ಭಯವಿತ್ತು. ಹಿಂದಿನ ವರ್ಷವೇ ಜಪಾನಿನ ಕಾರುಗಳಿಗೆ ವರ್ಷಕ್ಕೆ 16.8 ಲಕ್ಷದ ಮಿತಿ ಬಿದ್ದಿತ್ತು.

ಬಡ್ಡಿ ಹೆಚ್ಚಿರುವ ಕಡೆಗೆ ಬಂಡವಾಳ ಹರಿಯುತ್ತದೆ ಎಂಬುದಷ್ಟೇ ಹಳಬರ ವಿವರಣೆ. ಅದನ್ನು ಮುರಿದವನು ಕೆನಡಾದ ಸ್ಟೀಫನ್ ಹೈಮರ್. 1960ರ ಅವನ ಪ್ರಬಂಧ ಅಚ್ಚಾದದ್ದು 1976ರಲ್ಲಿ, ಅವನು ತೀರಿಕೊಂಡ ಎರಡು ವರ್ಷಕ್ಕೆ. ಪರದೇಶದಲ್ಲಿ ಸ್ಥಳೀಯರೆದುರು ನಿಲ್ಲಬೇಕಾದರೆ ಕಂಪನಿಯ ಬಳಿ ಅವರಿಗಿಲ್ಲದ ಏನೋ ಇರಬೇಕು ಎಂದ. 1966ರಲ್ಲಿ ರೇಮಂಡ್ ವರ್ನನ್ ಕಾರ್ಖಾನೆ ಹೊರದೇಶಕ್ಕೆ ಹೋಗುವುದನ್ನು ಸರಕಿನ ಆಯುಷ್ಯದ ಘಟ್ಟಗಳಿಂದ ವಿವರಿಸಿದ: ಸರಕು ಹಳತಾದಂತೆ ತಯಾರಿಕೆ ಅಗ್ಗದ ಕಡೆಗೆ ಸರಿಯುತ್ತದೆ. ಅಗ್ಗದ ಕೂಲಿಯ ಮಾತಿಗೆ ಇಂದಿಗೂ ಅವನನ್ನೇ ಸಾಕ್ಷಿ ಕರೆಯುತ್ತಾರೆ. ಕಾಲ ಬದಲಾಗಿದೆ, ನನ್ನ ವಿವರಣೆಯ ಬಲ ಕುಗ್ಗಿದೆ ಎಂದು 1979ರಲ್ಲಿ ಅವನೇ ಬರೆದದ್ದನ್ನು ಓದುವವರು ಕಡಿಮೆ.

ನಮ್ಮ ತಲೆಮಾರನ್ನು ಬೆಳೆಸಿದ್ದು ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಪಂಥ. ಬಕ್ಲಿ ಮತ್ತು ಕ್ಯಾಸನ್ 1976ರಲ್ಲಿ ಎತ್ತಿದ ಪ್ರಶ್ನೆ ಸರಳ: ತಂತ್ರಜ್ಞಾನವನ್ನು ಅಲ್ಲಿನವರಿಗೇ ಮಾರಬಹುದಲ್ಲ, ಕಾರ್ಖಾನೆ ಏಕೆ? ಅರಿವನ್ನು ತೋರಿಸದೆ ಬೆಲೆ ಕಟ್ಟಲಾಗದು, ತೋರಿಸಿದ ಮೇಲೆ ಕೊಳ್ಳುವವನಿಗೆ ಕೊಳ್ಳುವ ಅಗತ್ಯವೇ ಉಳಿಯದು. ಹಾಗಾಗಿ ಕಂಪನಿ ಅದನ್ನು ತನ್ನ ಮನೆಯೊಳಗೇ ಇಟ್ಟುಕೊಂಡು ಗಡಿ ದಾಟಿಸುತ್ತದೆ. ಜಾನ್ ಡನ್ನಿಂಗ್ ಇದಕ್ಕೆ ಕಂಪನಿಯ ಸ್ವಂತ ಬಲವನ್ನೂ ಸ್ಥಳದ ಅನುಕೂಲವನ್ನೂ ಸೇರಿಸಿದ. ನಮ್ಮ ಬೆಂಗಳೂರಿನ ಆಡುಗೋಡಿಯಲ್ಲಿ ಜರ್ಮನಿಯ ಬಾಷ್ ಬಂಡವಾಳ ಹೂಡಿದ ಮೈಕೋ ಕಾರ್ಖಾನೆ ಇದಕ್ಕೆ ಒಳ್ಳೆಯ ಉದಾಹರಣೆ. ಡೀಸೆಲ್ ಪಂಪಿನ ಪ್ಲಂಜರಿಗೂ ಬ್ಯಾರಲ್ಲಿಗೂ ನಡುವಿನ ಸಂದು ಮೈಕ್ರಾನ್ ಲೆಕ್ಕದ್ದು. ಆ ಕುಶಲತೆ ನಕ್ಷೆಯೊಂದರಲ್ಲಿ ಸಾಗಿಬರುವಂಥದ್ದಲ್ಲ. ಅದು ಬಾಷ್‌ನ ಸ್ವತ್ತು. ಆಮದು ನಿರ್ಬಂಧವಿದ್ದ 1950ರ ದಶಕದ ಭಾರತದಲ್ಲಿ ಮಾರಬೇಕಾದರೆ ಇಲ್ಲೇ ತಯಾರಿಸಬೇಕಿತ್ತು. ಇಷ್ಟು ತೃಪ್ತಿಕರವಾದ ವಿವರಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅನಂತರ ಹೆಲ್ಪ್‌ಮನ್, ಮೆಲಿಟ್ಸ್, ಯೇಪಲ್ 2004ರಲ್ಲಿ ಗಣಿತದಿಂದ ತೋರಿಸಿದ್ದು, ಅತಿ ಹೆಚ್ಚು ಉತ್ಪಾದಕತೆಯ ಕಂಪನಿಗಳು ಮಾತ್ರ ಹೊರಗೆ ಕಾರ್ಖಾನೆ ಕಟ್ಟುತ್ತವೆ, ನಡುವಿನವು ರಫ್ತು ಮಾಡುತ್ತವೆ ಎಂಬುದನ್ನು. ಸಿದ್ಧ ಉಡುಪು, ಚಿಪ್ ಜೋಡಣೆಯಲ್ಲಿ ಕೂಲಿಯೇ ಮುಖ್ಯವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಡಯೇನ್ ಎಲ್ಸನ್ ಮತ್ತು ರೂತ್ ಪಿಯರ್ಸನ್ 1981ರಲ್ಲೇ ಇನ್ನೊಂದನ್ನೂ ಹೇಳಿದ್ದರು: ಅಂಥ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಬೆರಳ ಚುರುಕು ಹುಟ್ಟುಗುಣವಲ್ಲ, ಮನೆಯಲ್ಲಿ ಕಲಿತ ಕೌಶಲ, ಅದನ್ನು ಕೌಶಲವೆಂದು ಎಣಿಸದಿರುವುದರಿಂದಲೇ ಸಂಬಳ ಕಡಿಮೆ. ಆ ಲೇಖನವನ್ನು ನಮ್ಮ ಪಠ್ಯಪಟ್ಟಿಗೆ ಸೇರಿಸಲು ನಾನೇ ತಡಮಾಡಿದೆ.

ಇವೆಲ್ಲದರಲ್ಲಿ ಹೆಚ್ಚಿನವು ಮುಖ್ಯ ಕಚೇರಿಯ ಮೇಜಿನ ಮೇಲೆ ಹುಟ್ಟಿದ ಪ್ರಶ್ನೆಗಳು. 1999ರ ಕೊನೆಗೆ ಬಿಡದಿಯಲ್ಲಿ ಟೊಯೋಟಾ ತಯಾರಿಕೆ ಆರಂಭವಾದಾಗ ಜಪಾನಿನ ಬಿಡಿಭಾಗ ತಯಾರಕರೂ ಜೊತೆಗೇ ಬಂದರು. ಆಗ ಪೀಣ್ಯದ ಯಾವ ವರ್ಕ್‌ಶಾಪಿಗೆ ಕೆಲಸ ಸಿಕ್ಕಿತು, ಯಾವುದು ಬಾಗಿಲು ಹಾಕಿತು, ಲೇತ್ ಮುಂದೆ ನಿಂತವನು ಹೊಸದೇನು ಕಲಿತ? ಡನ್ನಿಂಗ್ ಚೌಕಟ್ಟಿನಲ್ಲಿ ಇವಕ್ಕೆ ಜಾಗವಿಲ್ಲ. ಬೆಂಗಳೂರಿನ ಸಂಶೋಧನ ವಿದ್ಯಾರ್ಥಿಗೆ ಪೀಣ್ಯ ಒಂದು ಬಸ್ಸಿನ ದೂರ.